ಬೈಕಿಗೆ ಜಿಪಿಎಸ್ ಕೂರಿಸಿದ್ದು: ನನ್ನ ಅನುಭವ

ಎರಡು ವರ್ಷ ನಾನು ದಾರಿ ನೋಡಲು ಹ್ಯಾಂಡಲ್‌ಗೆ ಫೋನ್ ಸಿಕ್ಕಿಸಿಕೊಂಡೇ ಊರೂರು ಸುತ್ತಿದೆ. ಒಂದು ದಿನ ದಾರಿಯಲ್ಲಿ ನಿಂತು ಫೋಟೊ ತೆಗೆಯಲು ಹೋದರೆ ಕ್ಯಾಮೆರಾ ಒಂದೇ ಸಮನೆ ನಡುಗುತ್ತಿತ್ತು. ಫೋನ್ ಬಿದ್ದಿರಲಿಲ್ಲ, ನೀರೂ ಹೋಗಿರಲಿಲ್ಲ. ವಿಚಾರಿಸಿದಾಗ ಗೊತ್ತಾಯಿತು, ಕೈ ಅಲುಗಿದರೂ ಚಿತ್ರ ಕದಡದಿರಲಿ ಅಂತ ಈಗಿನ ಎಷ್ಟೋ ಫೋನುಗಳಲ್ಲಿ ಲೆನ್ಸ್ ಅಲ್ಲಾಡುವ ಹಾಗೆ ಇಟ್ಟಿರುತ್ತಾರೆ. ಎಂಜಿನ್ನಿನ ಅದುರು ಗಂಟೆಗಟ್ಟಲೆ ಬಿದ್ದರೆ ಆ ಭಾಗ ಕೆಡಬಹುದು. ನನ್ನದು ಐಫೋನ್ ಅಲ್ಲ, ಆದರೆ ಆಪಲ್ ಕೂಡ 2021ರಲ್ಲಿ ಇದೇ ಕಾರಣಕ್ಕೆ ಎಚ್ಚರಿಕೆ ಕೊಟ್ಟಿತ್ತು. ಜಾಸ್ತಿ ಶಕ್ತಿಯ ದೊಡ್ಡ ಎಂಜಿನ್ನಿನ ಬೈಕಿಗೆ ಫೋನ್ ಕೂರಿಸಬೇಡಿ ಅನ್ನುವುದು ಅದರ ಸಲಹೆ.

ಫೋನಿನ ತೊಂದರೆ ಅಷ್ಟಕ್ಕೇ ನಿಂತಿರಲಿಲ್ಲ. ಬಿಸಿಲಿಗೆ ಕಾದು ತಾನೇ ಆಫ್ ಆಗುತ್ತಿತ್ತು. ಮಳೆ ಹನಿ ಬಿದ್ದರೆ ಬೆರಳು ತಾಗಿದೆ ಎಂದುಕೊಂಡು ಮ್ಯಾಪನ್ನು ಎಲ್ಲೆಲ್ಲಿಗೋ ಎಳೆಯುತ್ತಿತ್ತು. ಹಾಗಾಗಿ ಬೈಕಿಗೆಂದೇ ಮಾಡಿದ ಜಿಪಿಎಸ್ ನೋಡಲು ಶುರು ಮಾಡಿದೆ. ಗಾರ್ಮಿನ್‌ನ ಜೂಮೊ, ಟಾಮ್‌ಟಾಮ್‌ನ ರೈಡರ್ ಈ ಜಾತಿಯವು. ಗ್ಲೌಸ್ ಹಾಕಿಕೊಂಡೇ ಮುಟ್ಟಬಹುದು, ಮಳೆಗೆ ಹೆದರಬೇಕಿಲ್ಲ. ಐಪಿಎಕ್ಸ್7 ಎಂದು ಬರೆದಿದ್ದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದ್ದರೂ ತಡೆಯುತ್ತದೆ ಎಂದರ್ಥ.

ಕೊಳ್ಳುವಾಗ ಎಲ್ಲರೂ ಪರದೆ ಎಷ್ಟು ದೊಡ್ಡದು ಎಂದು ಕೇಳುತ್ತಾರೆ. ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯ ಅದರ ಬೆಳಕು. ನೆತ್ತಿಯ ಮೇಲಿನ ಬಿಸಿಲಲ್ಲಿ ಓದಲು ಆಗದ ದೊಡ್ಡ ಪರದೆ ಇದ್ದೇನು ಪ್ರಯೋಜನ? ಅಂಗಡಿಯ ಒಳಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ನಾನು ಹೊರಗೆ ತಂದು, ಹೆಲ್ಮೆಟ್ ಹಾಕಿಕೊಂಡು, ತಂಪು ಕನ್ನಡಕದೊಳಗಿಂದ ನೋಡಿದೆ. ಕನ್ನಡಕ ಪೋಲರೈಸ್ಡ್, ಅಂದರೆ ಕಣ್ಣು ಕುಕ್ಕುವ ಪ್ರತಿಫಲನ ತಡೆಯುವಂಥದ್ದು, ಆಗಿದ್ದರೆ ಇದನ್ನು ಮಾಡಲೇಬೇಕು. ಕೆಲವು ಪರದೆಗಳು ಅಡ್ಡ ಇದ್ದಾಗ ಸರಿಯಾಗಿ ಕಂಡು, ಉದ್ದಕ್ಕೆ ತಿರುಗಿಸಿದ ಕೂಡಲೇ ಕಪ್ಪಾಗಿಬಿಡುತ್ತವೆ. ನನ್ನ ಕೈಗೆ ಮೊದಲು ಬಂದದ್ದು ಅಂಥದ್ದೇ. ಅದನ್ನು ಬಿಟ್ಟು 5.5 ಇಂಚಿನ ಬೇರೊಂದನ್ನು ತೆಗೆದುಕೊಂಡೆ.

ಇನ್ನು ಎಲ್ಲಿ ಕೂರಿಸುವುದು? ಯಾವ ಮಾಡೆಲ್ ಎಂಬುದಕ್ಕಿಂತ ಇದೇ ದೊಡ್ಡ ಪ್ರಶ್ನೆ ಎಂದು ಈಗಲೂ ನಂಬಿದ್ದೇನೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬೈಕ್ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಎರಡು ಸೆಕೆಂಡ್ ಪರದೆ ನೋಡಿದರೆ 33 ಮೀಟರ್ ರಸ್ತೆ ನೋಡದೆ ದಾಟಿದ ಹಾಗೆ. ಆದ್ದರಿಂದ ಕಣ್ಣು ರಸ್ತೆಯಿಂದ ಆದಷ್ಟು ಕಡಿಮೆ ಇಳಿಯಬೇಕು.

ರಟ್ಟನ್ನು ಜಿಪಿಎಸ್ ಅಳತೆಗೆ ಕತ್ತರಿಸಿ ಟೇಪ್ ಹಾಕಿ ಮೂರು ಕಡೆ ಅಂಟಿಸಿ ನೋಡಿದೆ. ಮೊದಲು ಟ್ಯಾಂಕಿನ ಮೇಲೆ. ಅಲ್ಲಿ ಗದ್ದ ಎದೆಗೆ ತಾಗುವಷ್ಟು ತಲೆ ತಗ್ಗಿಸಬೇಕಿತ್ತು, ತಕ್ಷಣ ಬಿಟ್ಟೆ. ಆಮೇಲೆ ಕ್ಲಚ್ ಹಿಡಿಯ ಪಕ್ಕ. ಅಲ್ಲಿ ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಟ್ಯಾಂಕಿಗೆ ತಗಲುತ್ತಿತ್ತು. ಕೊನೆಗೆ ಮೀಟರಿನ ಮೇಲ್ಗಡೆ, ನಟ್ಟನಡುವೆ. ಅಲ್ಲಿ ತಲೆ ಅಲ್ಲಾಡಿಸಬೇಕಿಲ್ಲ, ಬರೀ ಕಣ್ಣು ಇಳಿಸಿದರೆ ಸಾಕು. ಆಯಿಲ್ ದೀಪ, ಇಂಡಿಕೇಟರ್ ದೀಪ ಮುಚ್ಚಿಹೋಗದ ಹಾಗೆ ಎರಡು ಬೆರಳಷ್ಟು ಎತ್ತರಿಸಿದೆ.

ಅಷ್ಟು ಮೇಲೆ ಕೂರಿಸಲು ಹ್ಯಾಂಡಲ್ ಕ್ಲ್ಯಾಂಪಿನ ಬೋಲ್ಟುಗಳ ಕೆಳಗೆ ಒಂದು ಲೋಹದ ಪಟ್ಟಿ ಸೇರಿಸಬೇಕಾಯಿತು. ಇಲ್ಲಿ ದಯವಿಟ್ಟು ಅವಸರ ಮಾಡಬೇಡಿ. ಆ ಬೋಲ್ಟುಗಳೇ ಹ್ಯಾಂಡಲನ್ನು ಹಿಡಿದಿರುವುದು. ಪಟ್ಟಿ ಎಷ್ಟು ದಪ್ಪವೋ ಹಳೆಯ ಬೋಲ್ಟ್ ಅಷ್ಟು ಕಡಿಮೆ ಒಳಗೆ ಕೂರುತ್ತದೆ. ನಾನು ಅಷ್ಟೇ ಉದ್ದ ಜಾಸ್ತಿ ಇರುವ, ಮೊದಲಿನಷ್ಟೇ ಗಟ್ಟಿ ಗ್ರೇಡಿನ ಬೋಲ್ಟ್ ತಂದೆ. ಬೈಕಿನ ಮ್ಯಾನ್ಯುಯಲ್ ಹೇಳಿದ ಅಳತೆಗೆ ಟಾರ್ಕ್ ರೆಂಚಿನಲ್ಲಿ (ಎಷ್ಟು ಬಿಗಿಯಾಯಿತು ಎಂದು ಅಳೆಯುವ ಸ್ಪ್ಯಾನರ್) ಬಿಗಿದೆ.

ಮೌಂಟಿಗೆ, ಅಂದರೆ ಜಿಪಿಎಸ್ ಹಿಡಿದಿಡುವ ಹಿಡಿಕೆಗೆ, ಚೆಂಡು ಮತ್ತು ತೋಳಿನ ಏರ್ಪಾಡು ಆರಿಸಿದೆ. ರಬ್ಬರ್ ಹೊದಿಸಿದ 1 ಇಂಚಿನ ಎರಡು ಚೆಂಡುಗಳು, ನಡುವೆ ಅವನ್ನು ಕಚ್ಚಿ ಹಿಡಿಯುವ ಅಲ್ಯೂಮಿನಿಯಂ ತೋಳು. ಸಾಧ್ಯವಾದಷ್ಟು ಗಿಡ್ಡ ತೋಳು ಕೊಳ್ಳಿ. ತೋಳು ಉದ್ದವಾದಷ್ಟೂ ಪರದೆ ಜಾಸ್ತಿ ತೂಗಾಡುತ್ತದೆ. ಹಿಂಬದಿಯ ಫಲಕದಲ್ಲಿ 30 ಮತ್ತು 38 ಮಿಲಿಮೀಟರ್ ಅಂತರದ ನಾಲ್ಕು ತೂತುಗಳಿದ್ದರೆ ಇನ್ನೂ ಒಳ್ಳೆಯದು. ಅದಕ್ಕೆ ಆ್ಯಂಪ್ಸ್ ಅಳತೆ ಎನ್ನುತ್ತಾರೆ. ಮುಂದೆ ಜಿಪಿಎಸ್ ಬದಲಾಯಿಸಿದರೂ ಅದೇ ಮೌಂಟ್ ಬಳಸಬಹುದು. ಹ್ಯಾಂಡಲ್‌ಗೇ ಕ್ಲ್ಯಾಂಪ್ ಹಾಕುವವರು ಅದರ ದಪ್ಪ ಅಳೆದುಕೊಂಡೇ ಕೊಳ್ಳಬೇಕು. ಸಾಮಾನ್ಯವಾಗಿ 22 ಮಿಲಿಮೀಟರ್ ಇರುತ್ತದೆ, ಕೆಲವು ಬೈಕುಗಳಲ್ಲಿ ನಡುಭಾಗ 28.6 ಇರುತ್ತದೆ.

ನನ್ನನ್ನು ನಿಜವಾಗಿ ಸುಸ್ತು ಮಾಡಿದ್ದು ವೈರಿಂಗ್. ಮೊದಲ ಸಲ ಸುಲಭವಾಗಲಿ ಎಂದು ಬ್ಯಾಟರಿಗೆ ನೇರವಾಗಿ ಜೋಡಿಸಿದ್ದೆ. ಹತ್ತು ದಿನ ಬೈಕ್ ತೆಗೆಯಲಿಲ್ಲ. ಆಮೇಲೆ ಸ್ಟಾರ್ಟ್ ಒತ್ತಿದರೆ ಸದ್ದೇ ಇಲ್ಲ. ಜಿಪಿಎಸ್ ಕಳಚಿಟ್ಟಿದ್ದರೂ ಮೌಂಟಿನ ಒಳಗಿನ ಸರ್ಕ್ಯೂಟ್ ಸ್ವಲ್ಪ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇತ್ತು. ಲೆಕ್ಕ ಹಾಕಿ ನೋಡಿ: ಬರೀ 50 ಮಿಲಿಆ್ಯಂಪ್ ಎಂದರೂ ದಿನಕ್ಕೆ 1.2 ಆ್ಯಂಪ್-ಅವರ್. 8 ಆ್ಯಂಪ್-ಅವರ್ ಬ್ಯಾಟರಿ ಒಂದೇ ವಾರದಲ್ಲಿ ಖಾಲಿ.

ಎರಡನೇ ಸಲ ರಿಲೇ ಹಾಕಿದೆ, ಅಂದರೆ ಒಂದು ವೈರಿನ ಕರೆಂಟಿನಿಂದ ಇನ್ನೊಂದನ್ನು ಆನ್-ಆಫ್ ಮಾಡುವ ಸ್ವಿಚ್. ಸಾಮಾನ್ಯ ರಿಲೇಯ ಕಾಲುಗಳ ಮೇಲೆ ನಂಬರ್ ಇರುತ್ತವೆ. ಬ್ಯಾಟರಿಯ ಪ್ಲಸ್‌ನಿಂದ ಫ್ಯೂಸ್ ಮೂಲಕ 30ಕ್ಕೆ, 87ರಿಂದ ಜಿಪಿಎಸ್‌ಗೆ, 85ರಿಂದ ಬ್ಯಾಟರಿಯ ಮೈನಸ್‌ಗೆ. ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ವೈರ್ 86ಕ್ಕೆ. ನಾನು ಹಿಂದಿನ ದೀಪದ ವೈರ್ ತೆಗೆದುಕೊಂಡೆ. ಕೀ ತೆಗೆದರೆ ಎಲ್ಲವೂ ಆಫ್, ಬ್ಯಾಟರಿಯ ಚಿಂತೆ ಇಲ್ಲ. ಫ್ಯೂಸ್ ಬ್ಯಾಟರಿಗೆ ಅಂಟಿಕೊಂಡ ಹಾಗೇ ಇರಬೇಕು. ಬ್ಯಾಟರಿಯಿಂದ ಫ್ಯೂಸ್‌ವರೆಗಿನ ವೈರಿಗೆ ಯಾವ ಕಾವಲೂ ಇಲ್ಲ ಅಲ್ವಾ, ಅದು ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು. ಕೆಲಸ ಶುರು ಮಾಡುವಾಗ ಬ್ಯಾಟರಿಯ ಮೈನಸ್ ಮೊದಲು ಕಳಚಿ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಫ್ರೇಮಿಗೆ ತಗುಲಿದರೂ ಆಗ ಕಿಡಿ ಹಾರುವುದಿಲ್ಲ.

ವೈರನ್ನು ಟ್ಯಾಂಕಿನ ಕೆಳಗೆ, ಬೈಕಿನ ಹಳೆಯ ವೈರ್ ಕಂತೆಯ ಜೊತೆಗೇ ಎಳೆದೆ. ಸಿಲಿಂಡರಿನ ಬಿಸಿಗೂ ಇಗ್ನಿಷನ್ ಕಾಯಿಲ್‌ಗೂ ದೂರ. ಆದರೂ ಒಂದು ತಪ್ಪಾಯಿತು. ಹ್ಯಾಂಡಲ್ ತಿರುಗುವ ಜಾಗದಲ್ಲಿ ಅಂದವಾಗಿ ಕಾಣಲಿ ಎಂದು ಬಿಗಿಯಾಗಿ ಕಟ್ಟಿದ್ದೆ. ಕೆಲವೇ ವಾರಗಳಲ್ಲಿ ಅಲ್ಲಿ ಸಿಪ್ಪೆ ಸವೆದು ವೈರ್ ಫ್ರೇಮಿಗೆ ತಾಗಿ ಫ್ಯೂಸ್ ಹೋಯಿತು. ಫ್ಯೂಸ್ ಇರದಿದ್ದರೆ ಟ್ಯಾಂಕಿನ ಕೆಳಗೆ ವೈರೇ ಸುಡುತ್ತಿತ್ತು. ಈಗ ಅಲ್ಲಿ ಸಡಿಲವಾದ ಒಂದು ಸುತ್ತು ಬಿಟ್ಟಿದ್ದೇನೆ. ಹ್ಯಾಂಡಲನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ಎಲ್ಲೂ ಎಳೆಯುತ್ತಿಲ್ಲ, ಬ್ರೇಕ್ ಕೇಬಲ್ಲಿಗೆ ಅಡ್ಡ ಬರುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡೆ. ಜೋಡಣೆಗಳಿಗೆ ಬೆಸುಗೆ ಹಾಕದೆ ಕ್ರಿಂಪ್ ಮಾಡಿ (ಲೋಹದ ತುದಿಯನ್ನು ವೈರಿನ ಮೇಲೆ ಒತ್ತಿ ಕಚ್ಚಿಸಿ) ಮೇಲೆ ಹೀಟ್ ಶ್ರಿಂಕ್, ಅಂದರೆ ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ, ಹಾಕಿದೆ. ಅದುರುವ ಕಡೆ ಬೆಸುಗೆಯ ಅಂಚಿನಲ್ಲೇ ವೈರ್ ತುಂಡಾಗುತ್ತದೆ.

ಇಷ್ಟಾದ ಮೇಲೂ ಆಗಾಗ ಸಿಗ್ನಲ್ ಹೋಗುತ್ತಿತ್ತು, ಅದೂ ಬಯಲು ರಸ್ತೆಯಲ್ಲಿ. ಜಿಪಿಎಸ್ ಕೆಟ್ಟಿದೆ ಎಂದೇ ತಿಳಿದಿದ್ದೆ. ತಪ್ಪು ಪಕ್ಕದ ಯುಎಸ್‌ಬಿ ಚಾರ್ಜರಿನದು. ಜಿಪಿಎಸ್‌ಗೆ ಸಿಗ್ನಲ್ ಕಳಿಸುವ ಉಪಗ್ರಹಗಳು ಇರುವುದು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿಂದ ಬರುವ ಸಿಗ್ನಲ್ ತುಂಬಾ ಕ್ಷೀಣ. 12 ವೋಲ್ಟನ್ನು 5ಕ್ಕೆ ಇಳಿಸುವ ಅಗ್ಗದ ಸರ್ಕ್ಯೂಟ್ ಹೊರಡಿಸುವ ರೇಡಿಯೋ ಗದ್ದಲ ಅದನ್ನು ಮುಳುಗಿಸಿಬಿಡುತ್ತದೆ. ಚಾರ್ಜರನ್ನು ಸೀಟಿನ ಕೆಳಗೆ ಸರಿಸಿದೆ, ಸರಿಹೋಯಿತು.

ದಾರಿ ಹಾಕಿಕೊಳ್ಳುವ ವಿಚಾರದಲ್ಲಿ ಒಂದು ಮಾತು. ಕಂಪ್ಯೂಟರಿನಲ್ಲಿ ಗುರುತಿಸಿದ ದಾರಿಯನ್ನು ರೂಟ್ ಆಗಿ ಕಳಿಸಿದರೆ ಜಿಪಿಎಸ್ ತನ್ನ ಮ್ಯಾಪಿನ ಪ್ರಕಾರ ಮತ್ತೆ ಲೆಕ್ಕ ಹಾಕುತ್ತದೆ. ನಾನು ಆಸೆಪಟ್ಟು ಆರಿಸಿದ ಸಣ್ಣ ರಸ್ತೆ ಬಿಟ್ಟು ಹೆದ್ದಾರಿಗೆ ಕರೆದೊಯ್ದದ್ದೂ ಇದೆ. ಟ್ರ್ಯಾಕ್ ಆಗಿ ಕಳಿಸಿದರೆ ಗೆರೆ ಇದ್ದ ಹಾಗೇ ಉಳಿಯುತ್ತದೆ.

ಹೆಲ್ಮೆಟ್ಟಿಗೆ ಬ್ಲೂಟೂತ್ ಸೇರಿಸಿದ ಮೇಲೆ ತಿರುವುಗಳನ್ನು ಕಿವಿಯಲ್ಲೇ ಕೇಳುತ್ತೇನೆ. ಪರದೆ ನೋಡುವುದು ಬಹಳ ಕಡಿಮೆಯಾಗಿದೆ. ಮ್ಯಾಪ್ ಹೋಗುವ ದಿಕ್ಕಿಗೆ ತಿರುಗುವ ಹಾಗೆ ಇಟ್ಟಿದ್ದೇನೆ. ವಿಳಾಸ ಹಾಕುವುದು, ಬದಲಾಯಿಸುವುದು ಎಲ್ಲ ಬೈಕ್ ನಿಲ್ಲಿಸಿಯೇ.

ಮೊದಲ 100 ಕಿಲೋಮೀಟರ್ ಆದ ಮೇಲೆ ಎಲ್ಲ ಬೋಲ್ಟ್ ಮತ್ತೆ ನೋಡಿದೆ. ಮೌಂಟಿನ ಒಂದು ಸಣ್ಣ ಸ್ಕ್ರೂ ಆಗಲೇ ಸಡಿಲವಾಗಿತ್ತು. ಮಧ್ಯಮ ಬಿಗಿಯ ನೀಲಿ ಥ್ರೆಡ್ ಲಾಕರ್ (ಸ್ಕ್ರೂ ಸಡಿಲವಾಗದ ಹಾಗೆ ಹಿಡಿದಿಡುವ ಅಂಟು) ಹಚ್ಚಿದ ಮೇಲೆ ಅದು ಕದಲಿಲ್ಲ. ಈಗಲೂ ಹೊರಡುವ ಮೊದಲು ಜಿಪಿಎಸ್ ಹಿಡಿದು ಜೋರಾಗಿ ಅಲುಗಿಸುತ್ತೇನೆ. ಹ್ಯಾಂಡಲ್ ಅದರ ಜೊತೆ ಅಲುಗಿದರೆ ಕೀ ಹಾಕುತ್ತೇನೆ, ಜಿಪಿಎಸ್ ಒಂದೇ ಅಲುಗಿದರೆ ಸ್ಪ್ಯಾನರ್ ತೆಗೆಯುತ್ತೇನೆ.