ಔಷಧಿ ಪಂಪಿನ ಪಿಸ್ಟನ್ ಮನೆಯಲ್ಲೇ ಮಾಡುವುದಾದರೆ ಯಾವುದರಲ್ಲಿ ಮಾಡಬೇಕು?

ಮಳೆ ಹಿಡಿಯುವ ಮುಂಚೆ ಕಾಳುಮೆಣಸಿಗೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ದ್ರಾವಣ) ಹೊಡೆಯಬೇಕು, ಸರಿಯಾಗಿ ಅದೇ ಹೊತ್ತಿಗೆ ಪಂಪು ಕೈಕೊಡುತ್ತದೆ. ಹಿಡಿ ಸುಮ್ನೆ ಮೇಲೆ ಕೆಳಗೆ ಆಡುತ್ತದೆ, ಪ್ರೆಶರ್ ಏರುವುದೇ ಇಲ್ಲ. ನಮ್ಮದು ಹಳೇ ಪಂಪು, ಮಡಿಕೇರಿಯಲ್ಲಾಗಲಿ ಗೋಣಿಕೊಪ್ಪದಲ್ಲಾಗಲಿ ಪಾರ್ಟ್ ಸಿಗಲಿಲ್ಲ. ಎರಡು ಪಿಸ್ಟನ್ ಹಾಳಾದ ಮೇಲೆ ಮೂರನೆಯದು ನಿಂತಿತು.

ಮೊದಲು ಇದು ಗೊತ್ತಿರಲಿ. ಗಾಳಿ, ನೀರು ತಡೆಯುವುದು ವಾಷರ್, ಪಿಸ್ಟನ್ನಿನ ದಿಂಡು ಅಲ್ಲ. ದಿಂಡನ್ನು ಬಿಗಿಯಾಗಿ ಮಾಡಿದರೆ ಸಿಕ್ಕಿಹಾಕಿಕೊಳ್ಳುತ್ತದೆ. ಬ್ಯಾರಲ್ಲಿನ ಒಳ ಅಳತೆಯನ್ನು ವರ್ನಿಯರ್‌ನಲ್ಲಿ ಮೂರು ಕಡೆ ನೋಡಿ, ಅತಿ ಕಡಿಮೆ ಬಂದದ್ದಕ್ಕಿಂತ ಅರ್ಧ ಮಿಲಿಮೀಟರ್ ಸಣ್ಣದು ಮಾಡಿಸಿ.

ದಿಂಡಿಗೆ ಮರ ಬೇಡ. ನಾನು ತೇಗದ ತುಂಡು ಲೇತಿಗೆ ಕೊಟ್ಟು ಮಾಡಿಸಿದ್ದೆ, ಮರುದಿನ ನೀರು ಕುಡಿದು ಉಬ್ಬಿ ಬ್ಯಾರಲ್ಲಿನಲ್ಲೇ ಕೂತುಬಿಟ್ಟಿತು. ನೈಲಾನ್ ಕೂಡ ಸ್ವಲ್ಪ ನೀರು ಕುಡಿಯುತ್ತದೆ. ಡೆಲ್ರಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ರಾಡು ಸಿಕ್ಕರೆ ಅದೇ ಒಳ್ಳೆಯದು, ಇಲ್ಲದಿದ್ದರೆ ತರಕಾರಿ ಹೆಚ್ಚುವ ದಪ್ಪ ಪ್ಲಾಸ್ಟಿಕ್ ಹಲಗೆಯನ್ನು ಕೊರೆದರೂ ಸಾಕು, ಅದಕ್ಕೆ ನೀರು ಅಂಟುವುದಿಲ್ಲ.

ಅಲ್ಯೂಮಿನಿಯಂ, ಕಬ್ಬಿಣ ಎರಡೂ ಬೇಡವೇ ಬೇಡ. ಬೋರ್ಡೋ ಕಲಸಿದ ಮೇಲೆ ಚಾಕು ಅದ್ದಿ ನೋಡುತ್ತೇವೆ ಅಲ್ವಾ? ಅಲಗು ಕೆಂಪಾದರೆ ಸುಣ್ಣ ಸಾಲದು ಅಂತ ಅರ್ಥ, ಮೈಲುತುತ್ತದ ತಾಮ್ರ ಕಬ್ಬಿಣದ ಮೇಲೆ ಕೂತು ಕಬ್ಬಿಣವನ್ನು ತಿನ್ನುತ್ತಿದೆ. ಪಂಪಿನೊಳಗೂ ಅದೇ ಆಗುತ್ತದೆ. ಬೋಲ್ಟು, ನಟ್ಟು ಹಿತ್ತಾಳೆ ಅಥವಾ ತುಕ್ಕು ಹಿಡಿಯದ ಸ್ಟೇನ್ಲೆಸ್ ಸ್ಟೀಲಿನದೇ ಇರಲಿ. ಎರಡು ನಟ್ಟು ಹಾಕಿ ಒಂದಕ್ಕೊಂದು ಬಿಗಿಯಿರಿ.

ಇನ್ನು ವಾಷರ್. ಟೈರಿನ ಟ್ಯೂಬನ್ನು ಗುಂಡಗೆ ಕತ್ತರಿಸಿ ಹಾಕಿದ್ದೂ ಆಯಿತು, ಅಂಚು ಮಡಚಿ ಹರಿಯಿತು. ಬಟ್ಟಲಿನ ಆಕಾರದ ವಾಷರೇ ಬೇಕು, ಬಾಯಿ ಒತ್ತಡ ಬರುವ ಕಡೆಗೆ. ಒತ್ತಿದಷ್ಟೂ ಅದರ ಅಂಚು ಅರಳಿ ಗೋಡೆಗೆ ಅಂಟುತ್ತದೆ. ಆ ಅಂಚನ್ನು ಒಳಗಿನ ಲೋಹದ ಬಿಲ್ಲೆ ಅದುಮಬಾರದು, ಹಾಗಾಗಿ ಬಿಲ್ಲೆ ಚಿಕ್ಕದಿರಲಿ. ನೈಟ್ರೈಲ್ ರಬ್ಬರಿನದು ಜಾಸ್ತಿ ದಿನ ಬರುತ್ತದೆ. ಚರ್ಮದ್ದಾದರೆ ಒಂದು ರಾತ್ರಿ ಹರಳೆಣ್ಣೆಯಲ್ಲಿ ನೆನೆಹಾಕಿ. ತೆಂಗಿನೆಣ್ಣೆ ಬೇಡ, 24 ಡಿಗ್ರಿಯ ಕೆಳಗೆ ಅದು ಗಟ್ಟಿಯಾಗುತ್ತದೆ, ನಮ್ಮ ಮಳೆಗಾಲದಲ್ಲಿ ಬಾಟಲಿಯಿಂದ ಬರುವುದೇ ಕಷ್ಟ. ಸಾದಾ ರಬ್ಬರಿಗೆ ಗಾಡಿಯ ಗ್ರೀಸ್ ಹಚ್ಚಿದರೆ ಉಬ್ಬಿ ಮೆತ್ತಗಾಗುತ್ತದೆ.

ಒಂದು ಎಚ್ಚರಿಕೆ. ಗಾಳಿ ತುಂಬುವ ಪಾತ್ರೆಯನ್ನು ಮಾತ್ರ ಪಿವಿಸಿ ಪೈಪಿನಲ್ಲಿ ಮಾಡಬೇಡಿ, ಒಡೆದರೆ ಚೂರುಗಳು ಮುಖಕ್ಕೆ ಬಡಿಯುತ್ತವೆ. ಬಿಚ್ಚುವ ಮುಂಚೆ ಪ್ರೆಶರ್ ಪೂರ್ತಿ ಬಿಡಿ.

ಜೋಡಿಸಿದ ಮೇಲೆ, ವಾಲ್ವು ಹಾಕುವ ಮುಂಚೆಯೇ, ಬ್ಯಾರಲ್ಲಿನ ಬಾಯಿಗೆ ಹೆಬ್ಬೆರಳು ಒತ್ತಿ ಪಿಸ್ಟನ್ ತಳ್ಳಿ ಬಿಡಿ. ಅದು ಹಿಂದಕ್ಕೆ ಚಿಮ್ಮಿ ಬರಬೇಕು. ಸುಸ್ ಅಂತ ಅಲ್ಲೇ ನಿಂತರೆ ವಾಷರ್ ಬಿಚ್ಚಿ ಅಂಚು ನೋಡಿ, ಎಲ್ಲೋ ಒಂದು ಕಡೆ ಮಡಚಿರುತ್ತದೆ.