ಅಗ್ಗದ ಕಾರ್ಬೈಡ್ ಇನ್ಸರ್ಟ್: ಡಬ್ಬಿ ಬಂದ ಮೇಲೆ ಪರೀಕ್ಷೆ ಮಾಡುವುದು ಹೇಗೆ?

ಕಾರ್ಬೈಡ್ ಇನ್ಸರ್ಟ್ ಅಂದರೆ ಲೋಹ ಕಡೆಯುವ ಯಂತ್ರವಾದ ಲೇತ್‌ನಲ್ಲಿ, ಟೂಲಿನ ತುದಿಗೆ ಸ್ಕ್ರೂ ಹಾಕಿ ಕೂರಿಸುವ, ಕತ್ತರಿಸುವ ಪುಟ್ಟ ಬಿಲ್ಲೆ. ಆನ್‌ಲೈನ್‌ನಲ್ಲಿ ಹತ್ತು ಕಾರ್ಬೈಡ್ ಇನ್ಸರ್ಟ್‌ಗಳ ಡಬ್ಬಿಗೆ ಕೊಡುವ ದುಡ್ಡಿಗೆ ಹೆಸರುವಾಸಿ ಕಂಪನಿಯ ಇನ್ಸರ್ಟ್ ಎರಡೋ ಮೂರೋ ಬಂದರೆ ಹೆಚ್ಚು. ಮನೆಯ ಶೆಡ್ಡಿನಲ್ಲಿ ಪುಟ್ಟ ಲೇತ್ ಇಟ್ಟುಕೊಂಡು ಬುಷ್, ಪಿನ್, ಪುಲ್ಲಿ ಮಾಡಿಕೊಳ್ಳುವವರು ಇಂಥ ಡಬ್ಬಿಗೆ ಕೈ ಹಾಕುವುದು ಸಹಜ. ಕೈ ಹಾಕಲಿ, ತಪ್ಪೇನಿಲ್ಲ. ಅಗ್ಗದ್ದು ಬೇಗ ಸವೆಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ: ಡಬ್ಬಿಯ ಒಂದು ಇನ್ಸರ್ಟ್ ಇದ್ದಂತೆ ಇನ್ನೊಂದು ಇರುವುದಿಲ್ಲ. ಒಂದು ಮೂಲೆ ಸೊಗಸಾಗಿ ಕಟ್ ಮಾಡುತ್ತದೆ, ಪಕ್ಕದ ಮೂಲೆ ಮೊದಲ ಕಟ್‌ಗೇ ಮುರಿಯುತ್ತದೆ. ಆದ್ದರಿಂದ ಒಂದೇ ಇನ್ಸರ್ಟ್ ನೋಡಿ ತೀರ್ಮಾನಕ್ಕೆ ಬರಬೇಡಿ. ಡಬ್ಬಿಯಲ್ಲಿರುವ ಹತ್ತನ್ನೂ ನೋಡಿ.

ಮೊದಲು ನಂಬರ್ ಓದಿ

ಡಬ್ಬಿಯ ಮೇಲೆ ಸಿಸಿಎಂಟಿ 060204 ಅಂತ ಇದ್ದರೆ ಅದರ ಅರ್ಥ ಹೀಗೆ. ಮೊದಲ ಸಿ ಅಂದರೆ 80 ಡಿಗ್ರಿ ಮೂಲೆಯ ವಜ್ರಾಕೃತಿ. ಎರಡನೇ ಸಿ ಅಂದರೆ ಪಕ್ಕಕ್ಕೆ 7 ಡಿಗ್ರಿ ಕ್ಲಿಯರೆನ್ಸ್ (ಪಕ್ಕ ಲೋಹಕ್ಕೆ ಉಜ್ಜದಂತೆ ಬಿಟ್ಟ ಇಳಿಜಾರು). ಎಂ ಅನ್ನುವುದು ಅಳತೆಯಲ್ಲಿ ಎಷ್ಟು ಹೆಚ್ಚುಕಮ್ಮಿ ಆಗಬಹುದು ಅನ್ನುವ ದರ್ಜೆ. ಟಿ ಅಂದರೆ ಸ್ಕ್ರೂ ಕೂರುವ ತೂತು, ಮೇಲ್ಗಡೆ ಒಂದೇ ಬದಿಗೆ ಚಿಪ್ ಬ್ರೇಕರ್ (ಲೋಹದ ಸುರುಳಿಯನ್ನು ತುಂಡು ಮಾಡುವ ತಗ್ಗು). ಆಮೇಲಿನ 06 ಅಂಚಿನ ಉದ್ದ, 02 ದಪ್ಪ (ನಿಜವಾದ ಅಳತೆ 2.38 ಮಿ.ಮೀ.), 04 ಅಂದರೆ ಮೂತಿಯ, ಅಂದರೆ ಕಟ್ ಮಾಡುವ ಮೂಲೆಯ ಉರುಟು ತುದಿಯ, ತ್ರಿಜ್ಯ 0.4 ಮಿ.ಮೀ.

ಜತೆಗೆ ಯಾವ ಲೋಹಕ್ಕೆ ಅಂತಲೂ ಬರೆದಿರಬೇಕು. ಪಿ ಉಕ್ಕಿಗೆ, ಎಂ ಸ್ಟೇನ್‌ಲೆಸ್‌ಗೆ, ಕೆ ಬೀಡು ಕಬ್ಬಿಣಕ್ಕೆ, ಎನ್ ಅಲ್ಯೂಮಿನಿಯಂ, ಹಿತ್ತಾಳೆಗೆ. ಗ್ರೇಡ್ ನಂಬರೇ ಇಲ್ಲದೆ ‘ಎಲ್ಲ ಲೋಹಕ್ಕೂ ಆಗುತ್ತದೆ’ ಅಂತ ಮಾರುವ ಡಬ್ಬಿಯನ್ನು ನಾನು ಮುಟ್ಟುವುದಿಲ್ಲ. ಎಷ್ಟೋ ಸಲ ಮಂದಿ ‘ಕೆಟ್ಟ ಇನ್ಸರ್ಟ್’ ಅಂತ ಬೈಯುವುದು ತಪ್ಪು ಕೆಲಸಕ್ಕೆ ಹಾಕಿದ ಒಳ್ಳೆ ಇನ್ಸರ್ಟನ್ನೇ. ಟೈಟಾನಿಯಂ-ಅಲ್ಯೂಮಿನಿಯಂ ಲೇಪನದ ಕಪ್ಪು ಇನ್ಸರ್ಟ್‌ನಲ್ಲಿ ಅಲ್ಯೂಮಿನಿಯಂ ಟರ್ನ್ ಮಾಡಿದರೆ ಲೋಹ ಅಂಚಿಗೆ ಅಂಟಿಕೊಳ್ಳುತ್ತದೆ. ಅದಕ್ಕೆ ಲೇಪನವಿಲ್ಲದ, ಪಾಲಿಶ್ ಮಾಡಿದ ಸಿಸಿಜಿಟಿ (ಎಂ ಬದಲು ಇನ್ನೂ ನಿಖರವಾದ ಜಿ ದರ್ಜೆ) ಬೇಕು.

ಇಲ್ಲೇ ನಮ್ಮೂರಿನ ಒಂದು ಮಾತು. ಹುಬ್ಬಳ್ಳಿಯ ಗೋಕುಲ ರೋಡ್, ತಾರಿಹಾಳ, ಧಾರವಾಡದ ಬೇಲೂರು ಕಡೆ ಫ್ಯಾಕ್ಟರಿಗಳು ಬೇಕಾದಷ್ಟಿವೆ. ಹುಬ್ಬಳ್ಳಿ ವಾಲ್ವ್ ತಯಾರಿಕೆಗೇ ಹೆಸರಾದ ಊರು. ಅಲ್ಲಿ ಕೆಲಸ ಮಾಡುವ ಗೆಳೆಯರು ಉಳಿದ ಸಿಎನ್‌ಎಂಜಿ, ಡಬ್ಲ್ಯುಎನ್‌ಎಂಜಿ ಇನ್ಸರ್ಟ್ ತಂದುಕೊಟ್ಟರೆ ಖುಷಿಯಾಗುತ್ತದೆ ಅಲ್ವಾ? ಮಾಲು ಒಳ್ಳೆಯದೇ. ಆದರೆ ಅವು ನೆಗೆಟಿವ್ ಇನ್ಸರ್ಟ್‌ಗಳು, ಅಂದರೆ ಪಕ್ಕಕ್ಕೆ ಕ್ಲಿಯರೆನ್ಸ್ ಇಲ್ಲದವು. ದೊಡ್ಡ ಸಿಎನ್‌ಸಿ ಯಂತ್ರದ ಬಲಕ್ಕೆ, ಆಳವಾದ ಕಟ್‌ಗೆ ಮಾಡಿದವು. 550 ಅಥವಾ 750 ವ್ಯಾಟ್ ಮೋಟರಿನ ಮನೆ ಲೇತ್‌ಗೆ ಹಾಕಿದರೆ ಟೂಲ್ ಒತ್ತುತ್ತದೆ, ಕಟ್ ಆಗುವುದಿಲ್ಲ, ಜಾಬ್ (ಕಡೆಯುತ್ತಿರುವ ತುಂಡು) ನಡುಗುತ್ತದೆ. ಹವ್ಯಾಸಿಗೆ ಸಿಸಿಎಂಟಿ, ಡಿಸಿಎಂಟಿ, ಟಿಸಿಎಂಟಿಯಂಥ, ಕ್ಲಿಯರೆನ್ಸ್ ಇರುವ ಪಾಸಿಟಿವ್ ಇನ್ಸರ್ಟ್‌ಗಳೇ ಸರಿ.

ಕಾರ್ಬೈಡ್ ಹೌದೋ ಅಲ್ಲವೋ

ಇದಕ್ಕೆ ಜಾಸ್ತಿ ಹೊತ್ತು ಬೇಡ. ಟಂಗ್‌ಸ್ಟನ್ ಕಾರ್ಬೈಡ್ ಪುಡಿಯನ್ನು ಕೋಬಾಲ್ಟ್ ಜತೆ ಕಾಯಿಸಿ ಗಟ್ಟಿ ಮಾಡುವ ವಿಧಾನಕ್ಕೆ 1923ರಲ್ಲಿ ಜರ್ಮನಿಯಲ್ಲಿ ಕಾರ್ಲ್ ಶ್ರೋಟರ್ ಪೇಟೆಂಟ್‌ಗೆ ಅರ್ಜಿ ಹಾಕಿದರು. ಬಲ್ಬಿನ ಟಂಗ್‌ಸ್ಟನ್ ತಂತಿ ಎಳೆಯುವ ಅಚ್ಚಿಗಾಗಿ ಹುಡುಕಿದ ವಸ್ತು ಅದು. ಇವತ್ತಿಗೂ ಮೂಲ ಪಾಕ ಅದೇ. ಕಾಳುಗಳನ್ನು ಹಿಡಿದಿಡುವ ಕೋಬಾಲ್ಟ್ ಅಯಸ್ಕಾಂತಕ್ಕೆ ಸ್ಪಂದಿಸುವ ಲೋಹ. ಹಾಗಾಗಿ ಕಾರ್ಬೈಡ್ ಇನ್ಸರ್ಟ್ ಅಯಸ್ಕಾಂತಕ್ಕೆ ಅಂಟುತ್ತದೆ, ಆದರೆ ಮೆತ್ತಗೆ. ಉಕ್ಕಿನ ತುಂಡು ಟಪ್ ಅಂತ ಹಿಡಿದುಕೊಳ್ಳುತ್ತದೆ. ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದರೆ ಕೈಗೇ ಗೊತ್ತಾಗುತ್ತದೆ.

ಇನ್ನೂ ಅನುಮಾನವಿದ್ದರೆ ತೂಗಿ. ಉಕ್ಕು ಒಂದು ಘನ ಸೆಂ.ಮೀ.ಗೆ 7.8 ಗ್ರಾಂ, ಕಾರ್ಬೈಡ್ ಹೆಚ್ಚೂಕಡಿಮೆ 12ರಿಂದ 15 ಗ್ರಾಂ. ಪತ್ತಾರರ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಹತ್ತನ್ನೂ ಒಂದೊಂದಾಗಿ ಇಡಿ. ತೂಕದಲ್ಲಿ ಒಂದಕ್ಕೊಂದು ಎದ್ದು ಕಾಣುವ ವ್ಯತ್ಯಾಸ ಬಂದರೆ ಮಾಲು ಮಿಶ್ರವಾಗಿದೆ ಅಂತ ಲೆಕ್ಕ.

ಬಂಗಾರದ ಬಣ್ಣಕ್ಕೆ ಮಾತ್ರ ಮರುಳಾಗಬೇಡಿ. ಬೆಳ್ಳಗಿರುವುದೆಲ್ಲ ಹಾಲಲ್ಲ. ಆ ಹಳದಿ ಟೈಟಾನಿಯಂ ನೈಟ್ರೈಡ್ ಲೇಪನದ್ದು, ದಪ್ಪ ಕೆಲವೇ ಮೈಕ್ರಾನ್. ಅದರ ಕೆಳಗಿನ ಕಾರ್ಬೈಡ್ ಎಂಥದ್ದು ಅಂತ ಬಣ್ಣ ಹೇಳುವುದಿಲ್ಲ.

ಲೂಪ್ ಹಿಡಿದು ಅಂಚು ನೋಡಿ

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ್ದು ಇದಕ್ಕೆ. ಪತ್ತಾರರು, ಗಡಿಯಾರ ರಿಪೇರಿಯವರು ಬಳಸುವ 10 ಪಟ್ಟು ದೊಡ್ಡದು ಮಾಡುವ ಲೂಪ್ ಸಾಕು. ಬೆಳಗಿನ ಬಿಸಿಲು ಬೀಳುವ ಕಿಟಕಿ ಹತ್ತಿರ ಕೂತು, ಇನ್ಸರ್ಟನ್ನು ಬೆರಳುಗಳ ನಡುವೆ ಹಿಡಿದು ಬೆಳಕಿಗೆ ಓರೆಯಾಗಿ ನಿಧಾನ ತಿರುಗಿಸಿ. ಅಂಚಿನ ಗುಂಟ ಒಂದು ಸಣ್ಣ ಬೆಳಕಿನ ಗೆರೆ ಓಡುತ್ತದೆ. ಆ ಗೆರೆ ಒಂದು ತುದಿಯಿಂದ ಮೂತಿಯನ್ನು ಸುತ್ತಿ ಆ ಕಡೆಯ ಅಂಚಿನವರೆಗೆ ಒಂದೇ ಅಗಲದಲ್ಲಿ ಹೋದರೆ ಇನ್ಸರ್ಟ್ ಒಳ್ಳೆಯದು. ಸಿಸಿಎಂಟಿಯ ಅಂಚು ಬ್ಲೇಡಿನ ಹಾಗೆ ಹರಿತ ಇರುವುದಿಲ್ಲ. ಬೇಗ ಮುರಿಯದಿರಲಿ ಅಂತ ಅದನ್ನು ಬೇಕೆಂದೇ ಸ್ವಲ್ಪ ಉರುಟು ಮಾಡಿರುತ್ತಾರೆ. ಅದು ದೋಷವಲ್ಲ.

ದೋಷ ಯಾವುದು? ಗೆರೆ ನಡುನಡುವೆ ತುಂಡಾಗಿದ್ದರೆ ಅಲ್ಲಿ ಅಂಚು ಚಕ್ಕೆ ಎದ್ದಿದೆ. ಒಂದು ಕಡೆ ಗೆರೆ ದಪ್ಪ, ಇನ್ನೊಂದು ಕಡೆ ತೆಳು ಇದ್ದರೆ ಉರುಟು ಮಾಡಿದ್ದು ಸಮ ಇಲ್ಲ. ಮೂತಿಯಲ್ಲಿ ಲೇಪನ ಗುಳ್ಳೆಯಂತೆ ಎದ್ದಿದ್ದರೆ ಬಿಸಿಯಾದ ಕೂಡಲೇ ಉದುರುತ್ತದೆ. ಮೂತಿಯ ಉರುಟು ಅಂಚಿಗೆ ಸೇರುವ ಜಾಗದಲ್ಲಿ ಸಣ್ಣ ಮೂಲೆ ಕಂಡರೆ ಫಿನಿಶ್ ಕಟ್‌ನಲ್ಲಿ ಗೆರೆ ಬಿಡುತ್ತದೆ. ಇವನ್ನೆಲ್ಲ ಮೂತಿಯ ಹತ್ತಿರದ ಒಂದೆರಡು ಮಿ.ಮೀ.ನಲ್ಲೇ ಹುಡುಕಿ, ಕಟ್ ಮಾಡುವುದು ಅಷ್ಟೇ ಜಾಗ. ಸಿಸಿಎಂಟಿಯಲ್ಲಿ ಬಳಸುವ ಮೂಲೆ ಎರಡು. ಅಂದರೆ ಡಬ್ಬಿಗೆ ಇಪ್ಪತ್ತು ಮೂಲೆ, ಇಪ್ಪತ್ತನ್ನೂ ನೋಡಿ. ಅನುಮಾನ ಬಂದ ಮೂಲೆಗೆ ಮಾರ್ಕರ್‌ನಿಂದ ಚುಕ್ಕೆ ಇಟ್ಟು ಅದನ್ನು ಒರಟು ಕೆಲಸಕ್ಕೆ ಎತ್ತಿಡಿ.

ಆಮೇಲೆ ತಳ ನೋಡಿ. ಗಾಜಿನ ಮೇಲೆ ಇಟ್ಟು ಮೂಲೆಗಳನ್ನು ಬೆರಳಿನಿಂದ ಒತ್ತಿದಾಗ ಅಲ್ಲಾಡಬಾರದು. ಹೋಲ್ಡರ್‌ನ ಪಾಕೆಟ್ (ಇನ್ಸರ್ಟ್ ಕೂರುವ ತಗ್ಗು) ಒರೆಸಿ ಕೂರಿಸಿ, ಸ್ಕ್ರೂ ಬಿಗಿಯುತ್ತಾ ಬಂದಂತೆ ಇನ್ಸರ್ಟ್ ಹಿಂದಿನ ಎರಡು ಗೋಡೆಗೂ ಒತ್ತಿಕೊಳ್ಳಬೇಕು. ತೂತು ನಡುವಿಗೆ ಇಲ್ಲದಿದ್ದರೆ ಒಂದು ಗೋಡೆಯ ಹತ್ತಿರ ಸಂದು ಉಳಿಯುತ್ತದೆ. ಅಂಥದ್ದು ಕಟ್ ಮಾಡುವಾಗ ಸರಿದಾಡುತ್ತದೆ, ಬಿಟ್ಟುಬಿಡಿ.

ದಪ್ಪವನ್ನು ಮೈಕ್ರೋಮೀಟರ್‌ನಲ್ಲಿ ಅಳೆಯಬಹುದು. ಎಂ ದರ್ಜೆಯಲ್ಲಿ 0.13 ಮಿ.ಮೀ. ಆಚೀಚೆ ಆಗಲು ಅವಕಾಶವಿದೆ, ಆದರೆ ಒಂದೇ ಡಬ್ಬಿಯೊಳಗೆ ಅಷ್ಟು ವ್ಯತ್ಯಾಸ ಇರಬಾರದು. ದಪ್ಪ ಬದಲಾದರೆ ಟೂಲಿನ ಸೆಂಟರ್ ಎತ್ತರ ಬದಲಾಗುತ್ತದೆ, ಫೇಸಿಂಗ್ ಮಾಡಿದಾಗ, ಅಂದರೆ ರಾಡಿನ ತುದಿ ಚಪ್ಪಟೆ ಮಾಡಿದಾಗ, ನಡುವೆ ಸಣ್ಣ ಮೊನೆ ಉಳಿಯುತ್ತದೆ. ಅಗಲವನ್ನು ಮಾತ್ರ ಮೈಕ್ರೋಮೀಟರ್‌ನಲ್ಲಿ ಹಿಡಿಯಬೇಡಿ, ಅಂಚು ಚಕ್ಕೆ ಏಳುತ್ತದೆ.

ಒಂದೇ ರಾಡ್, ಒಂದೇ ಕಟ್

ಗುಜರಿಯಲ್ಲಿ ಸಿಕ್ಕ ಟ್ರಾಕ್ಟರ್ ಶಾಫ್ಟ್ ಮೇಲೆ ಪರೀಕ್ಷೆ ಮಾಡಬೇಡಿ. ಅದು ಯಾವ ಉಕ್ಕೋ, ಎಷ್ಟು ಗಟ್ಟಿಯೋ ಗೊತ್ತಿರುವುದಿಲ್ಲ. ಕೀವೇ (ಕೀ ಕೂರಿಸುವ ಉದ್ದ ಸೀಳು) ಇದ್ದರಂತೂ ಪ್ರತಿ ಸುತ್ತಿಗೂ ಪೆಟ್ಟು ಬಿದ್ದು ಒಳ್ಳೆ ಇನ್ಸರ್ಟೂ ಒಡೆಯಬಹುದು. 25 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್) ಬ್ರೈಟ್ ಬಾರ್ ಒಂದನ್ನು ತಂದು ಪರೀಕ್ಷೆಗೆ ಅಂತಲೇ ಇಟ್ಟುಕೊಳ್ಳಿ.

ವೇಗದ ಲೆಕ್ಕ ಹೀಗೆ: ನಿಮಿಷಕ್ಕೆ 120 ಮೀಟರ್ ಕಟಿಂಗ್ ಸ್ಪೀಡ್ ಬೇಕು ಅಂದರೆ 25 ಮಿ.ಮೀ. ರಾಡಿಗೆ ಸುಮಾರು 1,500 ಆರ್‌ಪಿಎಂ. ಫೀಡ್, ಅಂದರೆ ಪ್ರತಿ ಸುತ್ತಿಗೂ ಟೂಲ್ ಮುಂದೆ ಸಾಗುವ ದೂರ, 0.1 ಮಿ.ಮೀ., ಕಟ್ 0.5 ಮಿ.ಮೀ. ಆಳ, ಅಂದರೆ ವ್ಯಾಸದಲ್ಲಿ 1 ಮಿ.ಮೀ. ಇದಕ್ಕೆ ಕಟ್ ಮಾಡುವ ಜಾಗದಲ್ಲಿ ಬೇಕಾಗುವ ಶಕ್ತಿ ಸುಮಾರು 250 ವ್ಯಾಟ್. ಚಿಕ್ಕ ಲೇತ್ ತಡೆದುಕೊಳ್ಳುತ್ತದೆ. ಆಳವನ್ನು ಮೂತಿಯ ತ್ರಿಜ್ಯಕ್ಕಿಂತ ತೀರಾ ಕಡಿಮೆ ಇಟ್ಟರೆ ಇನ್ಸರ್ಟ್ ಕತ್ತರಿಸುವ ಬದಲು ಉಜ್ಜುತ್ತದೆ. ಆಗ ಫಿನಿಶ್ ಕೆಟ್ಟರೆ ಅದಕ್ಕೆ ಇನ್ಸರ್ಟ್ ಹೊಣೆಯಲ್ಲ. ಕನ್ನಡಕ ಹಾಕಿಕೊಳ್ಳಿ, ಅಂಗಿಯ ತೋಳು ಮಡಚಿಕೊಳ್ಳಿ, ಕೈಗವಸು ಬೇಡ. ಬಿಸಿ ಸುರುಳಿಯನ್ನು ಕೈಯಲ್ಲಿ ಎಳೆಯಬೇಡಿ.

ಒಂದು ಕಟ್ ಆದ ಮೇಲೆ ವ್ಯಾಸ ಅಳೆಯಿರಿ. ರಾಡಿನ ಹೊಸ ಭಾಗದಲ್ಲಿ, ಟೂಲನ್ನು ಅಡ್ಡ ಸರಿಸುವ ಕ್ರಾಸ್ ಸ್ಲೈಡ್‌ನ ಡಯಲ್ ಅದೇ ಅಂಕಿಯಲ್ಲಿಟ್ಟು, ಇನ್ಸರ್ಟಿನ ಇನ್ನೊಂದು ಮೂಲೆಗೆ ತಿರುಗಿಸಿ ಕಟ್ ಮಾಡಿ. ಆಮೇಲೆ ಡಬ್ಬಿಯ ಬೇರೆ ಇನ್ಸರ್ಟ್ ಹಾಕಿ ಮತ್ತೆ ಕಟ್ ಮಾಡಿ. ವ್ಯಾಸ ಒಂದೊಂದಕ್ಕೂ ಎಷ್ಟು ಬದಲಾಗುತ್ತದೆ ಬರೆದಿಡಿ. ಅಳತೆ ಎಷ್ಟು ಸಮ ಇದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಪರೀಕ್ಷೆ ಮನೆಯಲ್ಲಿ ಇಲ್ಲ. ಸಾಧ್ಯವಾದರೆ ಅದೇ ನಂಬರಿನ ಒಳ್ಳೆ ಕಂಪನಿಯ ಇನ್ಸರ್ಟ್ ಒಂದನ್ನು ಬಿಡಿಯಾಗಿ ಕೊಂಡು ಪಕ್ಕದಲ್ಲಿ ಇಟ್ಟುಕೊಳ್ಳಿ. ಆಗ ತಪ್ಪು ಲೇತಿನದೋ ಇನ್ಸರ್ಟಿನದೋ ಅನ್ನುವುದು ಬೇಗ ಬಗೆಹರಿಯುತ್ತದೆ.

ಕಟ್ ಆದ ಮೇಲೆ ಮತ್ತೆ ಲೂಪ್ ಹಿಡಿಯಿರಿ. ಟರ್ನರ್‌ಗಳು ಫ್ಲಾಂಕ್ ಅನ್ನುವ, ಅಂಚಿನ ಕೆಳಗಿನ ಪಕ್ಕದಲ್ಲಿ ಹೊಳೆಯುವ ಪಟ್ಟಿಯೊಂದು ಸಮವಾಗಿ ಬೆಳೆಯುತ್ತಾ ಬಂದರೆ ಅದು ಸಹಜ ಸವೆತ. ಪಟ್ಟಿ 0.3 ಮಿ.ಮೀ. ಆದಾಗ ಮೂಲೆ ಬದಲಿಸುವುದು ಸಾಮಾನ್ಯ ಲೆಕ್ಕ. ಲೇಪನ ಹಾಳೆಯಂತೆ ಎದ್ದಿದ್ದರೆ, ಮೂತಿ ಕಾದು ಕುಸಿದಂತೆ ಕಂಡರೆ ಮಾಲೇ ಕೆಟ್ಟದ್ದು. ಅಂಚಿನ ಮೇಲೆ ಲೋಹ ಮೆತ್ತಿಕೊಂಡಿದ್ದರೆ ಮೊದಲು ವೇಗ ಹೆಚ್ಚಿಸಿ ನೋಡಿ, ಹೆಚ್ಚಾಗಿ ಅದು ಕಡಿಮೆ ಆರ್‌ಪಿಎಂನ ಫಲ. ಅಂಚಿಗೆ ಅಡ್ಡಲಾಗಿ ಸಣ್ಣ ಬಿರುಕು ಸಾಲಾಗಿ ಕಂಡರೆ ಕೂಲಂಟ್ (ತಂಪು ಮಾಡುವ ದ್ರವ) ಕಾರಣ ಇರಬಹುದು. ಕಾದ ಕಾರ್ಬೈಡ್ ಮೇಲೆ ಆಗಾಗ ಬ್ರಷ್‌ನಿಂದ ನೀರು ಬೆರೆತ ಕೂಲಂಟ್ ಚಿಮುಕಿಸಬೇಡಿ. ಧಾರಾಳವಾಗಿ ಹರಿಸಿ, ಇಲ್ಲ ಒಣಗಿದ್ದಂತೆಯೇ ಕಟ್ ಮಾಡಿ. ಮೂತಿ ಮುರಿದಿದ್ದರೆ ಟೂಲ್ ಹೊರಗೆ ಜಾಸ್ತಿ ಚಾಚಿದೆಯೇ, ಸೆಂಟರ್ ಸರಿಯಿದೆಯೇ ನೋಡಿ ಇನ್ನೊಂದು ಮೂಲೆಯಲ್ಲಿ ಅದೇ ಕಟ್ ಹಾಕಿ. ಮತ್ತೆ ಮುರಿದರೆ ಉಳಿದ ಡಬ್ಬಿಯನ್ನು ವಾಪಸ್ ಕಳಿಸಲು ಅಳತೆ, ಫೋಟೋ ಎರಡೂ ನಿಮ್ಮ ಕೈಯಲ್ಲಿರುತ್ತವೆ. ಫೋನಿನ ಕ್ಯಾಮೆರಾವನ್ನು ಲೂಪ್‌ಗೆ ಒತ್ತಿ ಹಿಡಿದರೆ ಅಂಚು ಸ್ಪಷ್ಟವಾಗಿ ಬರುತ್ತದೆ.

ಸವೆದ ಇನ್ಸರ್ಟನ್ನು ಗ್ರೈಂಡರ್‌ಗೆ ಹಿಡಿದು ಮತ್ತೆ ಹರಿತ ಮಾಡಲು ಹೋಗಬೇಡಿ. ಕೋಬಾಲ್ಟ್ ಇರುವ ಆ ಧೂಳು ಪುಪ್ಪುಸಕ್ಕೆ ಕೆಟ್ಟದ್ದು. ಒಂದು ಡಬ್ಬಿಯಲ್ಲಿ ಕೂಡಿಡಿ, ಕಬ್ಬಿಣದ ಜತೆ ಬೆರೆಸಬೇಡಿ. ಕಾರ್ಬೈಡ್ ಗುಜರಿಗೆ ಕೆ.ಜಿ. ಲೆಕ್ಕದಲ್ಲಿ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು ರೊಕ್ಕ ಸಿಗುತ್ತದೆ.