ಕಾಡಿಗೆ ಹೋಗುವ ಮೊದಲು ಪರ್ಮಿಟ್ ನೋಡಿಕೊಳ್ಳಿ

ಮಳೆ ಬಿಟ್ಟ ಮೇಲೆ ಶಿರಸಿ, ಜೋಯಿಡಾ ಕಡೆ ಚಾರಣಕ್ಕೆ ಹೋಗುವವರಿಗೆ ಒಂದು ಮಾತು. ಎಲ್ಲಾ ಕಾಡಿಗೂ ಒಂದೇ ನಿಯಮ ಇಲ್ಲ. ನೀವು ಹೋಗುವ ಜಾಗ ಮೀಸಲು ಅರಣ್ಯವೋ, ಅಭಯಾರಣ್ಯವೋ, ಹುಲಿ ಸಂರಕ್ಷಿತ ಪ್ರದೇಶವೋ ಎಂದು ಮೊದಲು ತಿಳಿದುಕೊಳ್ಳಿ.

ಅಣಶಿ, ದಾಂಡೇಲಿ ಕಾಡುಗಳು ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿವೆ. ಕಾರವಾರದಿಂದ ಅಣಶಿ ಘಾಟಿಯಲ್ಲಿ ಬಸ್ಸು, ಕಾರು ಓಡಾಡುತ್ತವೆ, ನಿಜ. ಹಾಗಂತ ಗಾಡಿ ನಿಲ್ಲಿಸಿ ಸುಮ್ನೆ ಒಳಗೆ ನಡೆದುಬಿಡುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಲ್ಲಿ ಪ್ರವಾಸಕ್ಕೂ ಫೋಟೋ ತೆಗೆಯಲಿಕ್ಕೂ ಪರವಾನಗಿ ಬೇಕು. ಸಫಾರಿ ಟಿಕೆಟ್ ಸಫಾರಿಗೆ ಮಾತ್ರ. ಅದನ್ನು ತೋರಿಸಿ ಚಾರಣ ಮಾಡಲಿಕ್ಕಾಗುವುದಿಲ್ಲ.

ಅರಣ್ಯ ಇಲಾಖೆಯ ಚಾರಣಗಳಿಗೆ 'ಅರಣ್ಯ ವಿಹಾರ' ಜಾಲತಾಣದಲ್ಲಿ ಆನ್‌ಲೈನ್ ಬುಕಿಂಗ್ ಇದೆ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನ ಕಿಕ್ಕಿರಿದ ಮೇಲೆ ನಿಯಮ ಬಿಗಿಯಾಗಿದೆ. ನಿಮ್ಮ ಜಾಗ ಪಟ್ಟಿಯಲ್ಲಿ ಇಲ್ಲದಿದ್ದರೆ ದಾರಿ ಮುಕ್ತ ಎಂದುಕೊಳ್ಳಬೇಡಿ, ಹತ್ತಿರದ ವಲಯ ಅರಣ್ಯ ಕಚೇರಿಯಲ್ಲಿ ಕೇಳಿ. ಗುರುತಿನ ಚೀಟಿ ಜೊತೆಗಿರಲಿ. ಟಿಕೆಟ್ ಮೊಬೈಲಿನಲ್ಲಿ ಮೊದಲೇ ಉಳಿಸಿಕೊಳ್ಳಿ, ಘಟ್ಟದಲ್ಲಿ ನೆಟ್‌ವರ್ಕ್ ಸಿಗುವುದು ಕಷ್ಟ ಅಲ್ವಾ.

ಪರ್ಮಿಟ್ ಇದ್ದರೂ ಬೆಂಕಿ ಹಾಕಬೇಡಿ. ಬೇಸಿಗೆಯಲ್ಲಂತೂ ಒಣ ಎಲೆಗೆ ಒಂದು ಕಿಡಿ ಸಾಕು.